ಹಳೆಯ ಮೋಟಾರಿನ ಗೇರುಪೆಟ್ಟಿಗೆ: ದೋಷವನ್ನು ಅರಿಯುವ ಬಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಬೇನೆ ಎಲ್ಲಿದೆಯೆಂದು ನೋಡದೆ ಮದ್ದು ಮಾಡುವ ಈ ಅವಿವೇಕವು ದನದ ಕೊಟ್ಟಿಗೆಯಲ್ಲಿ ಮಾತ್ರವಲ್ಲ, ಮೋಟಾರು ಗ್ಯಾರೇಜಿನಲ್ಲಿಯೂ ಕಾಣಸಿಗುತ್ತದೆ. ಹಳೆಯ ಕಾರಿನ ಕೆಳಗೆ ಎಣ್ಣೆ ತೊಟ್ಟಿಕ್ಕಿತು, ಗೇರು ಬಿಗಿಯಾಯಿತು ಎಂದೊಡನೆ ಗೇರುಪೆಟ್ಟಿಗೆಯನ್ನೇ ಬಿಚ್ಚಿಹಾಕುವವರು ಉಂಟು. ಬಿಚ್ಚುವ ಮೊದಲು ಯೋಚಿಸುವ ಕ್ರಮವೇನೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಉದಾಹರಣೆಗೆ ನಮ್ಮ ಮುಂಬಯಿಗೆ ಚಿರಪರಿಚಿತವಾದ ಪದ್ಮಿನಿ ಕಾರನ್ನೇ ತೆಗೆದುಕೊಳ್ಳೋಣ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದ ಈ ಗಾಡಿಯು 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಿಂದ ಹೊರಬಂದು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎನಿಸಿತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ಈ ನಗರದ ಸೇವೆ ಮಾಡಿ, 2023ರ ಅಕ್ಟೋಬರಿನಲ್ಲಿ ಟ್ಯಾಕ್ಸಿ ವೃತ್ತಿಯಿಂದ ನಿವೃತ್ತಿ ಹೊಂದಿತು. ಇದರ ಗೇರುಹಿಡಿ ಸಾಮಾನ್ಯವಾಗಿ ಇರುವುದು ನೆಲದ ಮೇಲಲ್ಲ, ಸ್ಟೀರಿಂಗ್ ಚಕ್ರದ ಕೆಳಗೆ. ಅಲ್ಲಿಂದ ಸರಳುಗಳೂ ಸಂದುಗಳೂ ಚಾಲಕನ ಕೈಯ ಅಪ್ಪಣೆಯನ್ನು ಗೇರುಪೆಟ್ಟಿಗೆಗೆ ಒಯ್ಯುತ್ತವೆ. ಈ ಸಂಗತಿಯು ಮುಂದೆ ನಮ್ಮ ಉಪಯೋಗಕ್ಕೆ ಬರುವುದು.

ಗಾಡಿ ಹೊರಡುವಾಗಲೂ ಏರು ಹತ್ತುವಾಗಲೂ ಚಕ್ರಕ್ಕೆ ವೇಗಕ್ಕಿಂತ ಬಲ ಹೆಚ್ಚು ಬೇಕು. ಸಮತಟ್ಟು ರಸ್ತೆಯಲ್ಲಿ ಬಲಕ್ಕಿಂತ ವೇಗ ಹೆಚ್ಚು ಬೇಕು. ಸಣ್ಣ ದೊಡ್ಡ ಹಲ್ಲುಚಕ್ರಗಳ ಜೋಡಣೆಯಿಂದ ಇವನ್ನು ಒದಗಿಸುವುದೇ ಗೇರುಪೆಟ್ಟಿಗೆ. ಗೇರು ಬದಲಿಸುವಾಗ ಎಂಜಿನಿನ ಸಂಬಂಧವನ್ನು ಕ್ಷಣಕಾಲ ಕಡಿದಿಡುವುದು ಕ್ಲಚ್ಚು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಸಮವೇಗಕ್ಕೆ ತರುವುದು ಹಿತ್ತಾಳೆಯ ಉಂಗುರ. ಇವೆಲ್ಲವೂ ಸವೆಯದಂತೆ ಕಾಯುವುದು ಪೆಟ್ಟಿಗೆಯ ತಳದಲ್ಲಿರುವ ಮಂದವಾದ ಎಣ್ಣೆ.

ಮೊದಲು ಸೋರಿಕೆಯ ವಿಚಾರ. ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ತಿಳಿಯಬಾರದು. ಎಣ್ಣೆ ಕೆಳಕ್ಕೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ತಳಭಾಗವನ್ನು ಚೆನ್ನಾಗಿ ತೊಳೆದು ಒರೆಸಿ, ಸ್ವಲ್ಪ ದೂರ ಓಡಿಸಿ, ರಾತ್ರಿ ಅಡಿಯಲ್ಲಿ ಕಾಗದ ಹಾಸಿಡಬೇಕು. ಬೆಳಗ್ಗೆ ಕಲೆಯನ್ನು ಪರೀಕ್ಷಿಸಬೇಕು. ಬಳಸಿದ ಎಂಜಿನ್ ಎಣ್ಣೆ ಕಪ್ಪಾಗಿ ತೆಳುವಾಗಿರುತ್ತದೆ. ಗೇರಿನ ಎಣ್ಣೆ ಮಂದ. ಅನೇಕ ವೇಳೆ ಅದಕ್ಕೆ ಗಂಧಕದ ಘಾಟು ಇರುತ್ತದೆ. ಹೀಗೆ ಎಣ್ಣೆ ಯಾರ ಮನೆಯದೆಂದು ಗೊತ್ತಾದ ಮೇಲೆ ಕಲೆಯಿಂದ ಮೇಲಕ್ಕೂ ಮುಂದಕ್ಕೂ ಹುಡುಕುತ್ತ ಹೋಗಬೇಕು. ಒದ್ದೆಯಾಗಿರುವ ಅತ್ಯಂತ ಎತ್ತರದ ಜಾಗವೇ ಸಾಮಾನ್ಯವಾಗಿ ಮೂಲ.

ಎಣ್ಣೆ ಗೇರುಪೆಟ್ಟಿಗೆಯದೇ ಆಗಿದ್ದರೆ ಸಂಶಯಪಡಬೇಕಾದ ಸ್ಥಳಗಳು ಕೆಲವೇ: ಎಣ್ಣೆ ಇಳಿಸುವ ಬಿರಡೆ, ಮುಚ್ಚಳಗಳ ಗ್ಯಾಸ್ಕೆಟ್, ಸ್ಪೀಡೋಮೀಟರ್ ತಂತಿ ಸೇರುವ ಜಾಗ, ಹಿಂತುದಿಯಲ್ಲಿ ಪ್ರೊಪೆಲ್ಲರ್ ಶಾಫ್ಟು ಹೊರಬರುವಲ್ಲಿನ ಆಯಿಲ್ ಸೀಲು. ಗಾಳಿಕಿಂಡಿಯಿರುವ ಪೆಟ್ಟಿಗೆಯಾದರೆ ಅದನ್ನೂ ನೋಡಬೇಕು. ಆ ಕಿಂಡಿಯಲ್ಲಿ ಮಣ್ಣು ಕಟ್ಟಿದರೆ, ಬಿಸಿಯಾದ ಗಾಳಿಗೆ ದಾರಿಯಿಲ್ಲದೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನ ಅಂಚಿನಿಂದ ಹೊರದೂಡುತ್ತದೆ. ಆಗ ಎಷ್ಟು ಹೊಸ ಸೀಲು ಹಾಕಿದರೂ ಸೋರಿಕೆ ನಿಲ್ಲದು!

ಇನ್ನು ಗೇರು ಬಿಗಿಯಾಗುವ ವಿಚಾರ. ಮೊದಲ ಪರೀಕ್ಷೆಯನ್ನು ಎಂಜಿನ್ ನಿಲ್ಲಿಸಿ ಮಾಡಬೇಕು. ನಿಂತಾಗ ಗೇರು ಸಲೀಸಾಗಿ ಬಿದ್ದು, ಎಂಜಿನ್ ನಡೆಯುವಾಗ ಮಾತ್ರ ಬಿಗಿಯಾದರೆ ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿಲ್ಲವೆಂದು ಸಂಶಯಪಡಬೇಕು. ಕ್ಲಚ್ಚು ತುಳಿದು ಕೆಲವು ಕ್ಷಣ ಕಾದು ಹಿಂಗೇರು ಹಾಕಿದಾಗಲೂ ಕರಕರ ಶಬ್ದ ಬಂದರೆ ಆ ಸಂಶಯ ಬಲವಾಗುತ್ತದೆ. ಎಂಜಿನ್ ನಿಂತಾಗಲೂ ಬಿಗಿಯಿದ್ದರೆ ಸರಳುಗಳ ಸಂದುಗಳನ್ನು ನೋಡಬೇಕು. ಹಲ್ಲಿಗೆ ಹಲ್ಲು ಎದುರಾಗಿ ನಿಂತಿರಲೂಬಹುದು. ಗಾಡಿಯನ್ನು ತುಸು ಮುಂದೆ ತಳ್ಳಿ ಮತ್ತೊಮ್ಮೆ ಪರೀಕ್ಷಿಸುವುದು ಒಳಿತು. ಒಂದೇ ಗೇರಿನಲ್ಲಿ ಮಾತ್ರ ಕರಕರ ಶಬ್ದವಾದರೆ ಆ ಗೇರಿನ ಹಿತ್ತಾಳೆ ಉಂಗುರ ಸವೆದಿರಬಹುದು. ಆದರೆ ಅನೇಕ ಹಳೆಯ ಗಾಡಿಗಳಲ್ಲಿ ಮೊದಲನೆಯ ಗೇರಿಗೆ ಈ ಉಂಗುರವೇ ಇಲ್ಲ. ಓಡುತ್ತಿರುವಾಗ ಅದು ಬೀಳದಿದ್ದರೆ ದೋಷವೆಂದು ಭಾವಿಸಬಾರದು.

ದಿಲ್ಲಿಯ ಚಳಿಗಾಲದಂತಹ ಬೆಳಗಿನಲ್ಲಿ ಮಾತ್ರ ಬಿಗಿಯಾಗಿ, ಸ್ವಲ್ಪ ದೂರ ಹೋದ ಮೇಲೆ ಸಡಿಲವಾದರೆ ಅದು ತಣ್ಣಗೆ ಮಂದವಾದ ಎಣ್ಣೆಯ ಕೆಲಸ. ಬೆಲೆ ಹೆಚ್ಚೆಂದ ಮಾತ್ರಕ್ಕೆ ಎಣ್ಣೆ ಉತ್ತಮವಲ್ಲ. ಗಂಧಕ ಬೆರೆಸಿದ ಕೆಲವು ಎಣ್ಣೆಗಳು ಹಿತ್ತಾಳೆಯನ್ನು ತಿನ್ನುತ್ತವೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಹಾಕಬೇಕು. ಸೋರಿಕೆಯನ್ನು ಅಲಕ್ಷಿಸಿದರೆ ಎಣ್ಣೆಯ ಮಟ್ಟ ಇಳಿದು ಹಲ್ಲುಚಕ್ರಗಳೇ ಸವೆಯುತ್ತವೆ ಎಂಬುದನ್ನೂ ಮರೆಯಬಾರದು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯವರು ಜೀವಮಾನವೆಲ್ಲ ಟ್ಯಾಕ್ಸಿ ನಡೆಸಿದವರು. ಟ್ಯಾಕ್ಸಿ ಹೋದ ಮೇಲೆ ಅವರಿಗೆ ಉಳಿದುದು ಸ್ವಂತಕ್ಕೆಂದು ಇಟ್ಟುಕೊಂಡಿದ್ದ ಹಳೆಯ ಪದ್ಮಿನಿಯೊಂದೇ. ಅದರ ಗೇರು ಬಿಗಿಯಾಯಿತು, ಕೆಳಗೆ ಎಣ್ಣೆಯೂ ಬೀಳತೊಡಗಿತು. ಗೇರುಪೆಟ್ಟಿಗೆ ಕೆಟ್ಟಿದೆ, ಬಿಡಿಭಾಗ ಸಿಗದು, ಗುಜರಿಗೆ ಕೊಡುವುದೇ ಲೇಸು ಎಂದು ಒಂದು ಗ್ಯಾರೇಜಿನವರು ಹೇಳಿದರು. ಅವರು ಒಪ್ಪಿಯೂಬಿಟ್ಟಿದ್ದರು. ಮಗನು ಮಾತ್ರ, “ಅಪ್ಪ, ಎಂಟು ದಿನ ತಡೆಯಿರಿ” ಎಂದನು.

ರಜೆಯ ದಿನ ಅವನು ನಮ್ಮನ್ನೂ ಕರೆದನು. ತೊಳೆದು, ಕಾಗದ ಹಾಸಿ, ಮರುದಿನ ನೋಡಿದೆವು. ಕಲೆ ಕಪ್ಪಗೆ, ತೆಳುವಾಗಿತ್ತು! ಎಂಜಿನಿನ ಮೇಲ್ಮುಚ್ಚಳದ ಗ್ಯಾಸ್ಕೆಟ್ ಒಣಗಿ, ಎಣ್ಣೆ ಎಂಜಿನಿನ ಬೆನ್ನಿನ ಮೇಲೆ ಇಳಿದು ಗೇರುಪೆಟ್ಟಿಗೆಯ ಕೆಳಗೆ ತೊಟ್ಟಿಕ್ಕುತ್ತಿತ್ತು. ಗೇರಾದರೋ ಎಂಜಿನ್ ನಿಂತಾಗಲೂ ಬಿಗಿಯಾಗಿತ್ತು. ಸರಳನ್ನು ಪೆಟ್ಟಿಗೆಯಿಂದ ಕಳಚಿ, ಪೆಟ್ಟಿಗೆಯ ಹಿಡಿಯನ್ನು ಕೈಯಿಂದ ಆಡಿಸಿದಾಗ ಅದು ಬೆಣ್ಣೆಯಂತೆ ಸರಿಯಿತು. ದೋಷವಿದ್ದುದು ಸರಳಿನ ಸಂದಿನಲ್ಲಿ ಸವೆದುಹೋಗಿದ್ದ ಚಿಕ್ಕ ಬುಶ್‌ನಲ್ಲಿ. ಒಂದು ಗ್ಯಾಸ್ಕೆಟ್, ಒಂದು ಬುಶ್. ಪೆಟ್ಟಿಗೆಯನ್ನು ಬಿಚ್ಚಬೇಕಾಗಲೇ ಇಲ್ಲ. ಅಂದು ಸಂಜೆ ತಂದೆಯವರು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾದರಿನವರೆಗೆ ಹೋಗಿಬಂದರು.

ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ನೆನಪಿಡಬೇಕು. ಜಾಕಿನ ಮೇಲೆ ಮಾತ್ರ ನಿಂತಿರುವ ಗಾಡಿಯ ಕೆಳಗೆ ಎಂದಿಗೂ ನುಸುಳಬಾರದು. ಭದ್ರವಾದ ಆಧಾರವೂ ತಿಳಿದ ಹಿರಿಯರೂ ಇರಲೇಬೇಕು. ಆದರೆ ನೋಡುವುದಕ್ಕೂ, ಒಂದೊಂದೇ ಸಂಶಯವನ್ನು ಪರೀಕ್ಷಿಸಿ ಬದಿಗಿಡುವುದಕ್ಕೂ ವಯಸ್ಸಿನ ಅಡ್ಡಿಯಿಲ್ಲ. ತಪ್ಪಾದ ಲೆಕ್ಕವನ್ನು ಒಮ್ಮೆಗೇ ಅಳಿಸಿಹಾಕದೆ, ಯಾವ ಸಾಲಿನಲ್ಲಿ ಜಾರಿದೆವೆಂದು ಹುಡುಕುವ ಅಭ್ಯಾಸವನ್ನು ಇಂದೇ ಬೆಳೆಸಿಕೊಂಡವರಿಗೆ ಗೇರುಪೆಟ್ಟಿಗೆಯೂ ಕಷ್ಟವಾಗದು.