ಕೀಬೋರ್ಡ್ ವಾದಕರಿಗೆ ಎಂಥ ಮಿಕ್ಸರ್ ಬೇಕು?

ಗಣೇಶೋತ್ಸವದ ಚಪ್ಪರವಾಗಲಿ, ರಾಜ್ಯೋತ್ಸವದ ವೇದಿಕೆಯಾಗಲಿ, ಮದುವೆಯ ಆರತಕ್ಷತೆಯಾಗಲಿ, ಹಾಡಿನ ಕಾರ್ಯಕ್ರಮವಿದ್ದಲ್ಲಿ ಇಂದು ಕೀಬೋರ್ಡ್ ಇದ್ದೇ ಇರುತ್ತದೆ. ಕೊಳಲು, ಪಿಟೀಲು, ಸಿತಾರ್‌ಗಳ ನಾದವನ್ನೆಲ್ಲ ಒಬ್ಬರೇ ವಾದಕರು ಎರಡು ಕೀಬೋರ್ಡ್‌ಗಳಿಂದ ಹೊರಡಿಸುವುದನ್ನು ನೀವು ನೋಡಿರಬಹುದು. ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್, ಶ್ರುತಿಗೆ ಎಲೆಕ್ಟ್ರಾನಿಕ್ ತಂಬೂರಿ ಕೂಡ ಇರಬಹುದು. ಇವೆಲ್ಲವುಗಳ ವಿದ್ಯುತ್ ಸಂಕೇತಗಳನ್ನು ಹದವಾಗಿ ಕೂಡಿಸಿ ಮೈಕ್‌ಸೆಟ್ಟಿನವರಿಗೆ ಒಪ್ಪಿಸುವ ಪುಟ್ಟ ಪೆಟ್ಟಿಗೆಯೇ ಮಿಕ್ಸರ್.

ಅಂಗಡಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ 'ಎಷ್ಟು ಚಾನೆಲ್ ಬೇಕು?' ಎಂಬುದು. ಈ ಸಂಖ್ಯೆಯೊಂದನ್ನೇ ನಂಬಿ ಹಣ ಕೊಟ್ಟರೆ ಮೋಸಹೋಗುವ ಸಂಭವವಿದೆ. ಗಾಯಕರಿಗೆ ಒಪ್ಪುವ ಮಿಕ್ಸರ್ ಕೀಬೋರ್ಡ್ ವಾದಕರಿಗೆ ಒಪ್ಪಬೇಕೆಂದಿಲ್ಲ. ಗಾಯಕರ ಮೈಕಿನಿಂದ ಬರುವ ಸಂಕೇತ ಕ್ಷೀಣವಾದುದು, ಒಂಟಿಯಾದುದು. ಕೀಬೋರ್ಡಿನ ಸಂಕೇತ ಪ್ರಬಲವಾದುದು, ಬಹುಮಟ್ಟಿಗೆ ಜೋಡಿಯಾದುದು. ಈ ವ್ಯತ್ಯಾಸವನ್ನು ಅರಿತರೆ ಆಯ್ಕೆ ಸುಲಭವಾಗುತ್ತದೆ.

ತಂತಿಗಳನ್ನು ಹೆಣೆದರೆ ಸಾಲದೇ?

ಎರಡು ಕೀಬೋರ್ಡ್‌ಗಳ ತಂತಿಗಳನ್ನು ಒಟ್ಟಿಗೆ ಸೇರಿಸಿ ಒಂದೇ ಜ್ಯಾಕಿಗೆ ಬೆಸೆದರೆ ಮಿಕ್ಸರಿನ ಖರ್ಚೇ ಉಳಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಹಾಗೆ ಮಾಡಬಾರದು. ಪ್ರತಿ ಉಪಕರಣದ ಹೊರದ್ವಾರಕ್ಕೂ ತನ್ನದೇ ಆದ ಆಂತರಿಕ ತಡೆ ಇರುತ್ತದೆ. ಪರ್ಯಾಯ ವಿದ್ಯುತ್ತಿಗೆ ಒಡ್ಡುವ ಇಂಥ ಒಟ್ಟು ತಡೆಗೆ ಇಂಪೀಡೆನ್ಸ್ ಎಂದು ಹೆಸರು. ಒಂದು ಕೀಬೋರ್ಡಿನಲ್ಲಿ ಇದು 1000 ಓಮ್ ಎಂದುಕೊಳ್ಳಿ. ಮಿಕ್ಸರಿನ ಲೈನ್ ಒಳದ್ವಾರದ ಇಂಪೀಡೆನ್ಸ್ ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕೂ ಹೆಚ್ಚು. ಆಗ ಹನ್ನೊಂದರಲ್ಲಿ ಹತ್ತು ಪಾಲು, ಎಂದರೆ ಶೇಕಡಾ 91ರಷ್ಟು ವೋಲ್ಟೇಜು ಮಿಕ್ಸರಿಗೆ ದೊರೆಯುತ್ತದೆ. ಈ ನಷ್ಟ ಕಿವಿಗೆ ತಿಳಿಯುವುದೇ ಇಲ್ಲ.

ಅಂಥ ಎರಡು ಕೀಬೋರ್ಡ್‌ಗಳನ್ನು ನೇರವಾಗಿ ಹೆಣೆದರೆ ಪ್ರತಿಯೊಂದಕ್ಕೂ ಎದುರಿನದರ 1000 ಓಮ್ ಹೊರೆಯಾಗುತ್ತದೆ. ಪ್ರತಿಯೊಂದರ ವೋಲ್ಟೇಜು ಅರ್ಧಕ್ಕಿಂತಲೂ ಸ್ವಲ್ಪ ಕೆಳಗಿಳಿಯುತ್ತದೆ. ಹೊರದ್ವಾರದ ಇಂಪೀಡೆನ್ಸ್ ಇನ್ನೂ ಕಡಿಮೆಯಿರುವ ಉಪಕರಣಗಳು ಒಂದರೊಳಕ್ಕೊಂದು ವಿದ್ಯುತ್ತನ್ನು ನೂಕಿ, ನಾದ ವಿರೂಪಗೊಳ್ಳಲೂಬಹುದು.

ಮಿಕ್ಸರ್ ಈ ಜಗಳವನ್ನು ತಪ್ಪಿಸುತ್ತದೆ. ಅದರ ಹೃದಯಭಾಗದಲ್ಲಿ ಆಪ್-ಆಂಪ್ ಎಂಬ ವರ್ಧಕವಿದೆ. ಪ್ರತಿ ಚಾನೆಲ್ಲಿನ ಸಂಕೇತವೂ ಒಂದೊಂದು ರೋಧಕದ ಮೂಲಕ ಒಂದೇ ಬಿಂದುವಿಗೆ ಬಂದು ಸೇರುತ್ತದೆ. ವರ್ಧಕ ಆ ಬಿಂದುವಿನ ವೋಲ್ಟೇಜನ್ನು ಸದಾ ಸೊನ್ನೆಯಲ್ಲೇ ಹಿಡಿದಿಡುತ್ತದೆ. ಹೀಗಾಗಿ ಒಂದು ಚಾನೆಲ್ಲಿಗೆ ಇನ್ನೊಂದರ ಇರುವಿಕೆಯೇ ತಿಳಿಯದು. ವಿದ್ಯುತ್ ಪ್ರವಾಹಗಳು ಮಾತ್ರ, ಕಾಲೇಜಿನಲ್ಲಿ ನೀವು ಓದಿದ ಕರ್ಕಾಫನ ನಿಯಮದಂತೆ, ಅಲ್ಲಿ ಕೂಡಿಕೊಳ್ಳುತ್ತವೆ.

ಮಿಲಿವೋಲ್ಟಿನ ಮೈಕು, ವೋಲ್ಟಿನ ಕೀಬೋರ್ಡು

ವೇದಿಕೆಗಳಲ್ಲಿ ಬಳಸುವ ಸಾಮಾನ್ಯ ಡೈನಾಮಿಕ್ ಮೈಕು, 94 ಡೆಸಿಬೆಲ್ ಮಟ್ಟದ ಶಬ್ದಕ್ಕೆ ಸುಮಾರು 2 ಮಿಲಿವೋಲ್ಟ್ ಕೊಡುತ್ತದೆ. ಕೀಬೋರ್ಡಿನಿಂದ ಬರುವ ಲೈನ್ ಸಂಕೇತ ಸುಮಾರು 0.3 ವೋಲ್ಟಿನಿಂದ 1 ವೋಲ್ಟ್ ಆಸುಪಾಸಿನಲ್ಲಿರುತ್ತದೆ. 1 ವೋಲ್ಟ್ ಎಂದರೆ ಮೈಕಿನ ಸಂಕೇತದ 500 ಪಟ್ಟು! ವೋಲ್ಟೇಜು ಎರಡು ಪಟ್ಟಾದರೆ 6 ಡೆಸಿಬೆಲ್, ಹತ್ತು ಪಟ್ಟಾದರೆ 20 ಡೆಸಿಬೆಲ್ ಎಂದು ಎಣಿಸುವುದು ರೂಢಿ. ಆ ಲೆಕ್ಕದಲ್ಲಿ ಇವೆರಡರ ಅಂತರ 54 ಡೆಸಿಬೆಲ್.

ಮೈಕಿನ ಕ್ಷೀಣ ಸಂಕೇತವನ್ನು ಗದ್ದಲವಿಲ್ಲದೆ ನೂರಾರು ಪಟ್ಟು ಹಿಗ್ಗಿಸುವುದಕ್ಕಾಗಿ ಮಿಕ್ಸರಿನಲ್ಲಿ ಪ್ರೀಆಂಪ್ ಎಂಬ ಭಾಗವಿರುತ್ತದೆ. ಚೆನ್ನಾದ ಪ್ರೀಆಂಪ್ ತಯಾರಿಸುವುದು ದುಬಾರಿ ಕೆಲಸ. ಹಾಗಾಗಿ ಪೆಟ್ಟಿಗೆಯ ಮೇಲಿನ ಜಾಹೀರಾತೆಲ್ಲ ಅದರದ್ದೇ. ಕೀಬೋರ್ಡಿಗೆ ಅದರ ಅಗತ್ಯವೇ ಇಲ್ಲ. ನೀವು ಹಾಡುವವರಲ್ಲದಿದ್ದರೆ, ಎಂಟು ಪ್ರೀಆಂಪುಗಳಿಗೆ ಹಣ ಕೊಟ್ಟು ಏಳನ್ನು ಖಾಲಿ ಬಿಟ್ಟಂತಾದೀತು.

ಚಾನೆಲ್‌ಗಳ ಲೆಕ್ಕ

ಹಾಗಾದರೆ ಎಣಿಸಬೇಕಾದ್ದು ಏನನ್ನು? ಸ್ಟೀರಿಯೋ ಲೈನ್ ಚಾನೆಲ್‌ಗಳನ್ನು. ಮೇಲೆ ಹೇಳಿದ ವಾದಕರನ್ನೇ ತೆಗೆದುಕೊಳ್ಳೋಣ. ಎರಡು ಕೀಬೋರ್ಡ್ ಮತ್ತು ಒಂದು ಲ್ಯಾಪ್‌ಟಾಪ್ ಸೇರಿ ಮೂರು ಜೋಡಿ, ತಂಬೂರಿಯದು ಒಂಟಿ. ಒಟ್ಟು ಏಳು ತಂತಿಗಳು. 'ಎಂಟು ಚಾನೆಲ್' ಎಂಬ ಮಿಕ್ಸರಿನಲ್ಲಿ ನಾಲ್ಕು ಮೈಕ್ ಚಾನೆಲ್, ಎರಡೇ ಜೋಡಿಗಳಿದ್ದರೆ ಮೂರನೆಯ ಜೋಡಿಗಾಗಿ ಎರಡು ಮೈಕ್ ಚಾನೆಲ್‌ಗಳನ್ನು ಲೈನ್ ದ್ವಾರಗಳಾಗಿ ಬಳಸಬೇಕಾಗುತ್ತದೆ. ಆಗ ಎಡ-ಬಲಗಳಿಗೆ ಎರಡು ನಾಬ್‌ಗಳನ್ನು ಒಂದೇ ಅಳತೆಯಲ್ಲಿ ತಿರುಗಿಸುವ ಕಷ್ಟ. ನುಡಿಸುವ ಕೈಗೆ ಅಷ್ಟು ಬಿಡುವೆಲ್ಲಿ?

ಯಮಹಾ ಕಂಪನಿಯ ಎಂಜಿ10ಎಕ್ಸ್‌ಯು ಎಂಬ ಮಾದರಿಯಲ್ಲಿ 'ಹತ್ತು' ಎಂದರೆ 4 ಒಂಟಿ ಮತ್ತು 3 ಜೋಡಿ ಚಾನೆಲ್‌ಗಳು. ಮ್ಯಾಕಿ ಕಂಪನಿಯ 1202ವಿಎಲ್‌ಜ಼ಡ್4 ಮಾದರಿಯ 'ಹನ್ನೆರಡು' 4 ಒಂಟಿ ಮತ್ತು 4 ಜೋಡಿಗಳಿಂದ ಆದದ್ದು. ನಮ್ಮ ವಾದಕರಿಗೆ ಮೊದಲಿನದು ಸರಿಸಮವಾಗುತ್ತದೆ. ಎರಡನೆಯದರಲ್ಲಿ ಒಂದು ಜೋಡಿ ಮಿಗುತ್ತದೆ. ನಾಳೆ ಇನ್ನೊಂದು ಉಪಕರಣ ಬಂದೀತು ಎನ್ನುವವರು ಒಂದು ಜೋಡಿಯನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ. ಬೇರೆ ಯಾವ ಮಾದರಿಯಾದರೂ ಹೀಗೆಯೇ ಬಿಡಿಸಿ ನೋಡಿ. ಜೋಡಿ ದ್ವಾರಗಳು ಕಾಲಿಂಚಿನ ಜ್ಯಾಕಿನವೋ, ಟೇಪ್ ರೆಕಾರ್ಡರುಗಳಲ್ಲಿದ್ದಂಥ ಕೆಂಪು-ಬಿಳಿ ಪಿನ್ನಿನವೋ ಎಂಬುದನ್ನೂ ಗಮನಿಸಿ.

ಸ್ಟೀರಿಯೋ ನಿಜವಾಗಿ ಬೇಕೇ?

ಚಪ್ಪರದಲ್ಲಿ ಕೇಳುಗರು ಎಲ್ಲೆಲ್ಲೋ ಕುಳಿತಿರುತ್ತಾರೆ. ಆದ್ದರಿಂದ ಮೈಕ್‌ಸೆಟ್ಟಿನವರು ಅನೇಕ ವೇಳೆ ಎಡ-ಬಲ ಎರಡನ್ನೂ ಕೂಡಿಸಿ ಮೋನೋ ಆಗಿ ಎಲ್ಲ ಸ್ಪೀಕರುಗಳಿಗೂ ಕಳುಹಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಪಿಯಾನೋ ನಾದವನ್ನು ಎರಡು ಮೈಕುಗಳಿಂದ ಮುದ್ರಿಸಿರುತ್ತಾರೆ ಎನ್ನಿ. ತಂತಿಯಿಂದ ಅವುಗಳಿಗಿರುವ ದೂರಗಳಲ್ಲಿ 34 ಸೆಂಟಿಮೀಟರ್ ವ್ಯತ್ಯಾಸವಿದ್ದರೆ, ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಶಬ್ದ ಒಂದು ಮೈಕನ್ನು ಇನ್ನೊಂದಕ್ಕಿಂತ 1 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. 500 ಹರ್ಟ್ಸ್ ಆವೃತ್ತಿಯ ಅಲೆಗೆ ಅದು ಸರಿಯಾಗಿ ಅರ್ಧ ಅವಧಿ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬೀಳುತ್ತದೆ. ಎರಡನ್ನೂ ಕೂಡಿಸಿದಾಗ 500, 1500, 2500 ಹರ್ಟ್ಸ್‌ಗಳ ಬಳಿ ನಾದ ಸೊರಗುತ್ತದೆ. ಮನೆಯಲ್ಲಿ ಹೆಡ್‌ಫೋನಿನಲ್ಲಿ ತುಂಬಿಕೊಂಡು ಕೇಳಿಸಿದ ಪಿಯಾನೋ ವೇದಿಕೆಯಲ್ಲಿ ಬಡಕಲಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ನೀವು ಹೋಗುವೆಡೆಯಲ್ಲೆಲ್ಲ ಮೋನೋ ಎಂದಾದರೆ ಕೀಬೋರ್ಡಿನ 'ಎಲ್/ಮೋನೋ' ಎಂದು ಬರೆದಿರುವ ಜ್ಯಾಕನ್ನು ಮಾತ್ರ ಬಳಸಿ ನೋಡಿ. ಕೆಲವು ಕೀಬೋರ್ಡ್‌ಗಳಲ್ಲಿ ಮೋನೋಗೆಂದೇ ಸಿದ್ಧಪಡಿಸಿದ ಪಿಯಾನೋ ನಾದಗಳೂ ಇರುತ್ತವೆ. ಹಾಗೆ ನುಡಿಸುವುದಾದರೆ ನಾಲ್ಕು ಉಪಕರಣಕ್ಕೆ ನಾಲ್ಕೇ ತಂತಿ. ಇನ್ನೂ ಚಿಕ್ಕ ಮಿಕ್ಸರ್ ಸಾಕು.

ಕೂಡಿಸಿದ್ದು ತುಳುಕದಿರಲಿ

ಮೈಕಿನ ಬಳಕೆದಾರರಿಗೆ ಗದ್ದಲದ ಚಿಂತೆ. ಕೀಬೋರ್ಡ್ ವಾದಕರಿಗೆ ತುಳುಕುವ ಚಿಂತೆ. ವೃತ್ತಿಪರ ಉಪಕರಣಗಳಲ್ಲಿ ವಾಡಿಕೆಯ ಮಟ್ಟ '+4 ಡಿಬಿಯು', ಎಂದರೆ 1.23 ವೋಲ್ಟ್. ಮಿಕ್ಸರಿನ ಗರಿಷ್ಠ ಮಟ್ಟ +20 ಡಿಬಿಯು ಎಂದಿದ್ದರೆ ಅದು 7.75 ವೋಲ್ಟ್. ನಡುವಿನ 16 ಡೆಸಿಬೆಲ್, ಸುಮಾರು ಆರು ಪಟ್ಟು, ಬಲವಾದ ಹೊಡೆತಗಳಿಗಾಗಿ ಬಿಟ್ಟ ಅವಕಾಶ. ಸಮಬಲದ ನಾಲ್ಕು ಬೇರೆ ಬೇರೆ ಸಂಕೇತಗಳನ್ನು ಕೂಡಿಸಿದರೆ ಮಟ್ಟ 6 ಡೆಸಿಬೆಲ್ ಏರುತ್ತದೆ. ನಾಲ್ಕೂ ಒಂದೇ ಬಗೆಯವಾಗಿದ್ದು ಒಟ್ಟಿಗೆ ಉಬ್ಬಿದರೆ 12 ಡೆಸಿಬೆಲ್. ಮಿತಿ ಮೀರಿದಾಗ ಅಲೆಯ ತಲೆ ಕತ್ತರಿಸಿಹೋಗಿ ನಾದ ಒಡೆಯುತ್ತದೆ.

ಆದ್ದರಿಂದ ಚಾನೆಲ್‌ಗಳಲ್ಲಿ ಗೇನ್ ನಾಬ್ ಅಥವಾ ಮಟ್ಟ ಇಳಿಸುವ ಗುಂಡಿ ಇದೆಯೇ, ಮಟ್ಟ ತೋರುವ ದೀಪಗಳ ಸಾಲು ಇದೆಯೇ ಎಂದು ನೋಡಿ. ಕೀಬೋರ್ಡಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲಿಟ್ಟು, ಅತ್ಯಂತ ಜೋರಿನ ನಾದವನ್ನು ನುಡಿಸುತ್ತಾ, ದೀಪಗಳು ಸೊನ್ನೆಯ ಬಳಿ ಆಡುವಂತೆ ಗೇನ್ ಹೊಂದಿಸಿ. ಕೀಬೋರ್ಡನ್ನು ತಗ್ಗಿಸಿ ಮಿಕ್ಸರನ್ನು ಏರಿಸಿದರೆ ನಾದದ ಜೊತೆಗೆ ಗದ್ದಲವೂ ಏರುತ್ತದೆ.

ಗುಂಯ್‌ಗುಡುವ ಸದ್ದು ಮತ್ತು ಒಂದು ಅಪಾಯ

ನಿಮ್ಮ ಮಿಕ್ಸರಿಗೆ ವೇದಿಕೆಯ ಪ್ಲಗ್ಗಿನಿಂದ ವಿದ್ಯುತ್ ಬರುತ್ತದೆ. ಮೈಕ್‌ಸೆಟ್ಟಿನವರ ದೊಡ್ಡ ಮಿಕ್ಸರಿಗೆ ಸಭಾಂಗಣದ ಇನ್ನೊಂದು ತುದಿಯ ಪ್ಲಗ್ಗಿನಿಂದ. ಎರಡಕ್ಕೂ ಅರ್ತ್ ಇದೆ. ನಡುವಿನ ಕೇಬಲ್ಲಿನ ಹೊರಕವಚ ಎರಡು ಅರ್ತ್‌ಗಳನ್ನೂ ಬೆಸೆದು ದೊಡ್ಡದೊಂದು ಕುಣಿಕೆಯಾಗುತ್ತದೆ. ಅದರ ಮೂಲಕ ಹಾಯುವ 50 ಹರ್ಟ್ಸ್‌ನ ಕಾಂತಕ್ಷೇತ್ರ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ, ಅಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಎರಡು ಅರ್ತ್‌ಗಳ ವಿಭವದಲ್ಲಿ ಅಲ್ಪ ಅಂತರವಿದ್ದರೂ ಹೀಗೆಯೇ ಕವಚದಲ್ಲಿ ಪ್ರವಾಹ ಹರಿಯುತ್ತದೆ. ಅದೇ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ.

ಇದನ್ನು ನಿಲ್ಲಿಸಲು ಕೆಲವರು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಬಿಡುತ್ತಾರೆ. ಸದ್ದು ನಿಲ್ಲುತ್ತದೆ ನಿಜ. ಆದರೆ ಒಳಗೆ ಎಲ್ಲೋ ನಿರೋಧಕ ಕೆಟ್ಟು 230 ವೋಲ್ಟ್ ಲೋಹದ ಹೊರಮೈಗೆ ಬಂದಾಗ ಅದಕ್ಕೆ ಭೂಮಿಗೆ ಹೋಗಲು ದಾರಿಯೇ ಇರುವುದಿಲ್ಲ. ಕೈಯಲ್ಲಿ ಮಿಕ್ಸರನ್ನು ಮುಟ್ಟಿಕೊಂಡು ತುಟಿಯನ್ನು ಮೈಕಿಗೆ ತಾಗಿಸಿದವರ ದೇಹವೇ ಆ ದಾರಿಯಾಗುತ್ತದೆ. ಇದು ಪ್ರಾಣಾಂತಿಕ. ಅರ್ತ್ ಪಿನ್ನನ್ನು ಎಂದಿಗೂ ಕೀಳಬೇಡಿ, ಕೀಳಲು ಬಿಡಬೇಡಿ. ಜನರೇಟರಿನಿಂದ ನಡೆಯುವ ಕಾರ್ಯಕ್ರಮಗಳಲ್ಲಿ ಅರ್ತ್ ಇದೆಯೇ, 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿಯೇ ಕಡಿದುಕೊಳ್ಳುವ ಆರ್‌ಸಿಸಿಬಿ ಸ್ವಿಚ್ಚು ಇದೆಯೇ ಎಂದು ಕೇಳಿ ತಿಳಿಯಿರಿ.

ಸುರಕ್ಷಿತ ಉಪಾಯಗಳು ಬೇರೆ ಇವೆ. ಮೊದಲನೆಯದು, ಸಾಧ್ಯವಾದಷ್ಟೂ ಉಪಕರಣಗಳಿಗೆ ಒಂದೇ ಪ್ಲಗ್ಗಿನಿಂದ ವಿದ್ಯುತ್ ಕೊಡುವುದು. ಎರಡನೆಯದು, ಬ್ಯಾಲೆನ್ಸ್ಡ್ ಹೊರದ್ವಾರವಿರುವ ಮಿಕ್ಸರನ್ನೇ ಕೊಳ್ಳುವುದು. ಇದರಲ್ಲಿ ಒಂದೇ ಸಂಕೇತ ಎರಡು ತಂತಿಗಳಲ್ಲಿ, ಒಂದರಲ್ಲಿ ನೇರವಾಗಿ ಇನ್ನೊಂದರಲ್ಲಿ ತಲೆಕೆಳಗಾಗಿ ಸಾಗುತ್ತದೆ. +1 ಮತ್ತು −1 ವೋಲ್ಟ್‌ಗಳಿಗೆ ದಾರಿಯಲ್ಲಿ ತಲಾ 0.1 ವೋಲ್ಟ್ ಗದ್ದಲ ಸೇರಿ +1.1 ಮತ್ತು −0.9 ಆದವೆನ್ನಿ. ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಸಿಗುವುದು 2 ವೋಲ್ಟ್, ಗದ್ದಲ ಮಾಯ. ಇಷ್ಟಾದರೂ ಸದ್ದು ಉಳಿದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆಯನ್ನು ನಡುವೆ ಸೇರಿಸಿ. ಸಂಕೇತ ಕಾಂತಕ್ಷೇತ್ರದ ಮೂಲಕ ದಾಟುತ್ತದೆ; ಕುಣಿಕೆ ಮಾತ್ರ ಕಡಿದುಹೋಗುತ್ತದೆ. ಅನೇಕ ಸಲ ತಪ್ಪಿತಸ್ಥ ಲ್ಯಾಪ್‌ಟಾಪಿನ ಚಾರ್ಜರು. ಅದನ್ನು ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ಸದ್ದು ನಿಂತರೆ ಮೂಲ ಸಿಕ್ಕಂತೆ.

ಇನ್ನೊಂದು ಎಚ್ಚರಿಕೆ. ಲ್ಯಾಪ್‌ಟಾಪಿನ ಸ್ಟೀರಿಯೋ ಜ್ಯಾಕೂ ಬ್ಯಾಲೆನ್ಸ್ಡ್ ಜ್ಯಾಕೂ ಮೂರು ಭಾಗಗಳಿದ್ದು ನೋಡಲು ಒಂದೇ ರೀತಿ ಇವೆ. ಸ್ಟೀರಿಯೋ ಸಂಕೇತವನ್ನು ಒಂದೇ ಬ್ಯಾಲೆನ್ಸ್ಡ್ ದ್ವಾರಕ್ಕೆ ಕೊಟ್ಟರೆ ಮಿಕ್ಸರ್ ಎಡದಿಂದ ಬಲವನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿ ಮುದ್ರಿತವಾದ ಗಾಯಕರ ದನಿ ಗದ್ದಲದಂತೆಯೇ ಅಳಿಸಿಹೋಗುತ್ತದೆ! ಎಡ-ಬಲಗಳನ್ನು ಬೇರ್ಪಡಿಸುವ ಕವಲು ಕೇಬಲ್ಲನ್ನೇ ಬಳಸಿ.

ಕೊಳ್ಳುವ ಮುನ್ನ

ಒಂದು ಹಾಳೆಯಲ್ಲಿ ನಿಮ್ಮ ಉಪಕರಣಗಳನ್ನು ಬರೆದು ಪ್ರತಿಯೊಂದರ ಎದುರು ಜೋಡಿಯೋ ಒಂಟಿಯೋ, ಮೈಕೋ ಲೈನೋ, ಜ್ಯಾಕ್ ಯಾವುದು ಎಂದು ಗುರುತಿಸಿ. ನಿಮ್ಮ ಕಿವಿಗೆ ಬೇರೆ ಹದ ಬೇಕಾದರೆ ಫೇಡರಿಗೆ ಮುಂಚೆ ಸಂಕೇತ ಕೊಡುವ ಆಕ್ಸ್ ದ್ವಾರ ಬೇಕು; ಆಗ ಸಭೆಗೆ ಕಳುಹಿಸುವ ಮಟ್ಟ ಬದಲಿಸಿದರೂ ನಿಮ್ಮ ಮಾನಿಟರಿನಲ್ಲಿ ಬದಲಾಗದು. ವೀಣೆ, ಪಿಟೀಲುಗಳಿಗೆ ಅಂಟಿಸುವ ಪೀಜೋ ಪಿಕಪ್ಪಿಗೂ ಸ್ಥಳ ಕೊಡುವುದಾದರೆ ಸುಮಾರು 10 ಲಕ್ಷ ಓಮ್‌ನ 'ಹೈ-ಜ಼ಡ್' ದ್ವಾರವಿರಲಿ. ಇಲ್ಲದಿದ್ದರೆ ಮಂದ್ರದ ನಾದ ಸೊರಗುತ್ತದೆ.

ಅಂಗಡಿಯಲ್ಲಿ ನಿಮ್ಮದೇ ಕೀಬೋರ್ಡನ್ನು ಜೋಡಿಸಿ, ಎರಡು ಕೈಯಲ್ಲೂ ಜೋರಾಗಿ ನುಡಿಸಿ ಕೇಳಿ. ಮನೆಗೆ ತಂದ ಮೇಲೆ ಸ್ಪೀಕರಿನ ವರ್ಧಕವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಎಲ್ಲಕ್ಕಿಂತ ಮೊದಲು ಆರಿಸುವ ಅಭ್ಯಾಸ ಮಾಡಿಕೊಳ್ಳಿ. ಸ್ವಿಚ್ಚಿನ ಧಡ್ ಎಂಬ ಹೊಡೆತದಿಂದ ಸ್ಪೀಕರುಗಳು ಉಳಿಯುತ್ತವೆ. ಹಾಳೆಯಲ್ಲಿ ಬರೆದ ಜೋಡಿಗಳಿಗೆಲ್ಲ ಸ್ಥಳವಿದ್ದು, ಜೋರಾಗಿ ನುಡಿಸಿದಾಗ ನಾದ ಒಡೆಯದೆ, ಬ್ಯಾಲೆನ್ಸ್ಡ್ ಹೊರದ್ವಾರವೂ ಇದ್ದರೆ ಆ ಮಿಕ್ಸರ್ ನಿಮಗೆ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಕೇಬಲ್ಲುಗಳನ್ನೂ ಒಂದು ಡಿಐ ಪೆಟ್ಟಿಗೆಯನ್ನೂ ಕೊಳ್ಳಿ.