ಮೆಲ್ಬರ್ನ್ ವಿಕ್ಸೆನ್ಸ್ ತಂಡದ ೨೦೨೦ರ ಕ್ರೀಡಾಋತು: ಒಂದು ಚಾರಿತ್ರಿಕ ವಿವೇಚನೆ

೧

ಅರಸರ ದಂಡಯಾತ್ರೆಗಳನ್ನೂ ರಾಜ್ಯಗಳ ಏಳುಬೀಳುಗಳನ್ನೂ ನಿರೂಪಿಸಿದಲ್ಲಿಗೆ ಇತಿಹಾಸಕಾರನ ಕರ್ತವ್ಯ ಮುಗಿಯಿತೆಂಬ ಭಾವನೆ ಸಡಿಲವಾಗಿ ಬಹುಕಾಲವಾಯಿತು. ಜನರು ದುಡಿದ ಬಗೆ, ಉಂಡುಟ್ಟ ಬಗೆ, ಆಡಿ ನಲಿದ ಬಗೆ, ಇವೆಲ್ಲವೂ ಇಂದು ಚರಿತ್ರೆಯ ಸಾಮಗ್ರಿಯೇ ಆಗಿವೆ. ಅದರಲ್ಲಿಯೂ ಆಟವೊಂದು ಜೀವನೋಪಾಯವಾಗಿ ಪರಿಣಮಿಸಿದಾಗ ಅದರ ಕಥೆಯಲ್ಲಿ ವಿನೋದದೊಡನೆ ದುಡಿಮೆಯ ಚರಿತ್ರೆಯೂ ಹೆಣೆದುಕೊಳ್ಳುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ‘ವಿಕ್ಸೆನ್ಸ್’ ಎಂಬ ಮಹಿಳಾ ನೆಟ್‌ಬಾಲ್ ತಂಡವು ೨೦೨೦ನೆಯ ಇಸವಿಯಲ್ಲಿ ಆಡಿದ ಪಂದ್ಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಆಟದ ನಿಯಮವನ್ನು ಮಾರ್ಪಡಿಸುವ ಅಧಿಕಾರ ಯಾರದು, ಆ ನಿಯಮದ ಅಡಿಯಲ್ಲಿ ದುಡಿಯುವವರಿಗೆ ಅದರಲ್ಲಿ ಪಾಲುಂಟೆ ಎಂಬ ಪ್ರಶ್ನೆಗಳು ಆ ಒಂದು ಋತುವಿನಲ್ಲಿ ಬಹು ಸ್ಪಷ್ಟವಾಗಿ ತಲೆದೋರಿದುವು.

೨

ನೆಟ್‌ಬಾಲ್ ನಮ್ಮಲ್ಲಿ ಹೆಚ್ಚು ಪ್ರಚಾರದಲ್ಲಿಲ್ಲದ ಆಟವಾದುದರಿಂದ ಅದರ ಸ್ವರೂಪವನ್ನು ಸಂಗ್ರಹವಾಗಿ ತಿಳಿಸುವುದು ಅವಶ್ಯಕ. ೧೮೯೧ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದನು. ಅದು ಇಂಗ್ಲೆಂಡಿನ ಸ್ತ್ರೀಯರ ವ್ಯಾಯಾಮ ಶಿಕ್ಷಣ ಕಾಲೇಜುಗಳನ್ನು ಸೇರಿ, ಅಲ್ಲಿ ಬೇರೊಂದು ಆಕಾರವನ್ನು ತಾಳಿತು. ೧೯೦೧ರಲ್ಲಿ ಅದರ ನಿಯಮಗಳು ಪ್ರಥಮವಾಗಿ ಅಚ್ಚಾದುವು. ಬ್ರಿಟಿಷ್ ಸಾಮ್ರಾಜ್ಯದ ಶಾಲೆಗಳ ಮೂಲಕ ಆಟವು ಆಸ್ಟ್ರೇಲಿಯ, ನ್ಯೂಜಿಲೆಂಡ್, ವೆಸ್ಟ್ ಇಂಡೀಸ್, ದಕ್ಷಿಣ ಆಫ್ರಿಕಗಳಿಗೆ ಹರಡಿತು. ಆದರೆ ನಿಯಮಗಳು ನಾಡಿಗೊಂದು ಬಗೆಯಾಗಿದ್ದುವು. ೧೯೬೦ರಲ್ಲಿ ನೆರೆಯ ಸಿಂಹಳದಲ್ಲಿ ವಿವಿಧ ದೇಶಗಳ ಪ್ರತಿನಿಧಿಗಳು ಸಭೆ ಸೇರಿ ಏಕರೂಪದ ನಿಯಮಾವಳಿಗೆ ಬುನಾದಿ ಹಾಕಿದರು. ೧೯೬೩ರಲ್ಲಿ ಇಂಗ್ಲೆಂಡಿನ ಈಸ್ಟ್‌ಬರ್ನಿನಲ್ಲಿ ನಡೆದ ಮೊದಲ ವಿಶ್ವ ಪಂದ್ಯಾವಳಿಯಲ್ಲಿ ಆಸ್ಟ್ರೇಲಿಯ ಜಯಗಳಿಸಿತು. ಆ ದೇಶದಲ್ಲಿ ೧೯೭೦ರವರೆಗೆ ಆಟಕ್ಕೆ ‘ಮಹಿಳಾ ಬಾಸ್ಕೆಟ್‌ಬಾಲ್’ ಎಂಬ ಹೆಸರೇ ರೂಢಿಯಲ್ಲಿದ್ದಿತೆಂಬುದು ಗಮನಾರ್ಹ.

ಪ್ರತಿ ಪಕ್ಷದಲ್ಲಿ ಏಳು ಮಂದಿ. ಪ್ರತಿಯೊಬ್ಬಳ ಮೈಮೇಲೆಯೂ ಅವಳ ಸ್ಥಾನವನ್ನು ಸೂಚಿಸುವ ಅಕ್ಷರಗಳಿರುತ್ತವೆ. ಆ ಸ್ಥಾನಕ್ಕೆ ವಿಧಿಸಿದ ಎಲ್ಲೆಯನ್ನು ಅವಳು ದಾಟಕೂಡದು. ಚೆಂಡನ್ನು ನೆಲಕ್ಕೆ ತಟ್ಟುತ್ತ ಮುಂದೆ ಸಾಗುವಂತಿಲ್ಲ. ಕೈಗೆ ಬಂದ ಚೆಂಡನ್ನು ಮೂರು ಸೆಕೆಂಡುಗಳೊಳಗೆ ಬಿಡಬೇಕು. ೩.೦೫ ಮೀಟರು ಎತ್ತರದ ಕಂಬದ ಮೇಲಿನ ಬಳೆಗೆ ಹಿಂದೆ ಹಲಗೆಯ ಆಸರೆಯಿಲ್ಲ. ೪.೯ ಮೀಟರು ತ್ರಿಜ್ಯದ ಅರ್ಧವೃತ್ತದ ಒಳಗಿನಿಂದ, ಇಬ್ಬರು ಆಟಗಾರ್ತಿಯರು ಮಾತ್ರ ಗೋಲು ಹಾಕಬಹುದು. ಬಳೆಯ ಬುಡದಲ್ಲಿ ನಿಂತು ಹಾಕಿದರೂ ವೃತ್ತದ ಅಂಚಿನಿಂದ ಹಾಕಿದರೂ ಗೋಲಿನ ಬೆಲೆ ಒಂದೇ. ದೂರದಿಂದ ಎಸೆಯುವ ಸಾಹಸಕ್ಕಿಂತ, ಏಳು ಮಂದಿ ಕೂಡಿ ಚೆಂಡನ್ನು ಬಳೆಯ ಹತ್ತಿರಕ್ಕೆ ಸಾಗಿಸುವ ಹೊಂದಾಣಿಕೆಗೆ ಈ ಆಟದಲ್ಲಿ ಹೆಚ್ಚಿನ ಬೆಲೆ ಬಂದುದು ಈ ಕಾರಣದಿಂದಲೇ.

೩

ಮೆಲ್ಬರ್ನ್ ನಗರದ ಫೀನಿಕ್ಸ್ ಮತ್ತು ಕೆಸ್ಟ್ರೆಲ್ಸ್ ಎಂಬ ಎರಡು ತಂಡಗಳ ಸ್ಥಾನದಲ್ಲಿ ವಿಕ್ಸೆನ್ಸ್ ತಂಡವು ಹುಟ್ಟಿತು. ೨೦೦೮ರಿಂದ ೨೦೧೬ರವರೆಗೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳ ತಂಡಗಳು ಕೂಡಿ ಆಡುತ್ತಿದ್ದ ಪಂದ್ಯಾವಳಿಯಲ್ಲಿ ಅದು ೨೦೦೯ ಮತ್ತು ೨೦೧೪ರಲ್ಲಿ ಪ್ರಶಸ್ತಿಯನ್ನು ಪಡೆಯಿತು. ೨೦೧೭ರಲ್ಲಿ ಆಸ್ಟ್ರೇಲಿಯದ ಎಂಟು ತಂಡಗಳ ‘ಸೂಪರ್ ನೆಟ್‌ಬಾಲ್’ ಪಂದ್ಯಾವಳಿ ಆರಂಭವಾಯಿತು. ಕ್ರೀಡೆಯನ್ನೇ ವೃತ್ತಿಯಾಗಿ ಅವಲಂಬಿಸುವ ಅವಕಾಶ ಇದರಿಂದ ಹಿಗ್ಗಿತಾದರೂ, ಆಟದೊಡನೆ ವ್ಯಾಸಂಗವನ್ನೋ ಬೇರೊಂದು ಉದ್ಯೋಗವನ್ನೋ ನಡೆಸಿಕೊಂಡು ಬಂದವರು ಹಲವರು. ಟೆಲಿವಿಷನ್ ಪ್ರಸಾರ ಮತ್ತು ಪ್ರಾಯೋಜಕರ ಹಣವೇ ಈ ವ್ಯವಸ್ಥೆಯ ಮುಖ್ಯ ಆಧಾರ. ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ೨೦೨೦ರ ಘಟನೆಗಳು ಸುಲಭವಾಗಿ ಅರ್ಥವಾಗುತ್ತವೆ.

೪

ಆ ವರ್ಷದ ಪಂದ್ಯಗಳು ಮೇ ತಿಂಗಳಿನಲ್ಲಿ ಮೊದಲಾಗಬೇಕಾಗಿದ್ದುವು. ಕೊರೋನ ಸಾಂಕ್ರಾಮಿಕದ ಕಾರಣದಿಂದ ಅವು ಆಗಸ್ಟ್ ೧ರವರೆಗೆ ಮುಂದಕ್ಕೆ ಹೋದುವು. ನಡುವಣ ತಿಂಗಳುಗಳಲ್ಲಿ ಆಟಗಾರ್ತಿಯರು ಭಾರಿ ವೇತನ ಕಡಿತಕ್ಕೆ ಒಪ್ಪಬೇಕಾಯಿತು. ಅಷ್ಟರಲ್ಲಿ ಮೆಲ್ಬರ್ನಿನಲ್ಲಿ ಸೋಂಕು ಮತ್ತೆ ಉಲ್ಬಣಿಸಿ, ಜುಲೈ ಆದಿಭಾಗದಲ್ಲಿ ನಗರಕ್ಕೆ ಎರಡನೆಯ ಬಾರಿ ದಿಗ್ಬಂಧನ ವಿಧಿಸಲಾಯಿತು. ವಿಕ್ಸೆನ್ಸ್ ತಂಡವೂ ಅದೇ ನಗರದ ಕಾಲಿಂಗ್‌ವುಡ್ ಮ್ಯಾಗ್‌ಪೈಸ್ ತಂಡವೂ ತವರನ್ನು ತೊರೆದು ಉತ್ತರದ ಕ್ವೀನ್ಸ್‌ಲೆಂಡಿಗೆ ತೆರಳಿದುವು. ಕೊನೆಗೆ ಇತರ ತಂಡಗಳೂ ಅಲ್ಲಿಯೇ ಬೀಡುಬಿಟ್ಟು, ಹದಿನಾಲ್ಕು ಸುತ್ತುಗಳ ಪಂದ್ಯಾವಳಿಯನ್ನು ಆ ರಾಜ್ಯದಲ್ಲಿಯೇ ನಡೆಸಿದುವು.

ಪಂದ್ಯಗಳು ಒತ್ತೊತ್ತಾಗಿ ಬಂದುದರಿಂದ ಆಟ ನಡೆಯುತ್ತಿರುವಾಗಲೇ ಆಟಗಾರ್ತಿಯರನ್ನು ಬದಲಾಯಿಸುವ ಅನುಮತಿಯನ್ನು ಹೊಸದಾಗಿ ನೀಡಲಾಯಿತು. ೨೦೧೩ರಿಂದ ತರಬೇತುದಾರರಾಗಿದ್ದ ಸಿಮೋನ್ ಮೆಕಿನ್ನಿಸ್ ಅವರ ಮಾರ್ಗದರ್ಶನದಲ್ಲಿ ವಿಕ್ಸೆನ್ಸ್ ತಂಡವು ಈ ಪರಸ್ಥಳ ವಾಸದ ನಡುವೆಯೂ ಸುತ್ತಿನ ಪಂದ್ಯಗಳ ಅಂತ್ಯಕ್ಕೆ ಪಟ್ಟಿಯಲ್ಲಿ ಅಗ್ರಸ್ಥಾನವನ್ನು ಪಡೆಯಿತು. ನಡು ಅಂಕಣದಲ್ಲಿ ಕೇಟ್ ಮೊಲೋನಿ ಮತ್ತು ಲಿಜ್ ವಾಟ್ಸನ್, ರಕ್ಷಣೆಯಲ್ಲಿ ಎಮಿಲಿ ಮ್ಯಾನಿಕ್ಸ್ ಮತ್ತು ಜೋ ವೆಸ್ಟನ್, ಗೋಲಿನ ವೃತ್ತದಲ್ಲಿ ಮಲಾವಿ ದೇಶದ ಮ್ವಾಯಿ ಕುಮ್ವೆಂಡ, ಇವರು ತಂಡದ ಆಧಾರಸ್ತಂಭಗಳಾಗಿದ್ದರು.

೫

ಆ ಋತುವಿನ ಅತ್ಯಂತ ವಿವಾದಾಸ್ಪದ ವಿಷಯವೆಂದರೆ ‘ಸೂಪರ್ ಶಾಟ್’ ಎಂಬ ನಿಯಮ. ತಲಾ ಹದಿನೈದು ನಿಮಿಷಗಳ ನಾಲ್ಕು ಪಾದಗಳಲ್ಲಿ ಪ್ರತಿಯೊಂದರ ಕೊನೆಯ ಐದು ನಿಮಿಷ, ವೃತ್ತದ ಹೊರಅಂಚಿಗೆ ಸೇರಿದ ೧.೯ ಮೀಟರು ಅಗಲದ ಪಟ್ಟಿಯಿಂದ ಹಾಕಿದ ಗೋಲಿಗೆ ಒಂದರ ಬದಲು ಎರಡು ಅಂಕ ಎಂದು ಅದು ವಿಧಿಸಿತು. ಅರುವತ್ತು ನಿಮಿಷಗಳ ಆಟದಲ್ಲಿ ಇಪ್ಪತ್ತು ನಿಮಿಷ ಈ ಹೊಸ ಲೆಕ್ಕವು ಜಾರಿಯಲ್ಲಿರುತ್ತದೆ. ನಿಯಮವನ್ನು ಪ್ರಕಟಿಸಿದ್ದು ೨೦೨೦ರ ಜೂನ್ ತಿಂಗಳಿನಲ್ಲಿ, ಎಂದರೆ ಋತುವಿನ ಹೊಸ್ತಿಲಲ್ಲಿ.

ನೋಡುಗರ ಕುತೂಹಲವು ಹೆಚ್ಚುವುದು, ಹಿಂದೆ ಬಿದ್ದ ತಂಡಕ್ಕೆ ಚೇತರಿಸಿಕೊಳ್ಳುವ ಅವಕಾಶ ದೊರೆಯುವುದು ಎಂಬುದು ಆಡಳಿತದವರ ವಾದ. ತಮ್ಮನ್ನು ಕೇಳದೆಯೇ ಈ ತೀರ್ಮಾನವಾಯಿತೆಂದು ಆಟಗಾರ್ತಿಯರ ಸಂಘವು ಬಹಿರಂಗವಾಗಿ ಆಕ್ಷೇಪಿಸಿತು. ಇಲ್ಲಿ ಎರಡು ಪಕ್ಷಗಳ ನಿಲುವನ್ನೂ ತೂಗಿನೋಡಬೇಕು. ಪ್ರೇಕ್ಷಕರಿಲ್ಲದೆ ವೃತ್ತಿಕ್ರೀಡೆ ಬಾಳದು. ಸಂಕಟದ ವರ್ಷದಲ್ಲಿ ಆಡಳಿತವು ಪ್ರಸಾರದ ಆಕರ್ಷಣೆಯನ್ನು ಕುರಿತು ಯೋಚಿಸಿದುದು ಅಸಹಜವಲ್ಲ. ಆದರೆ ಒಂದು ಶತಮಾನಕ್ಕೂ ಮಿಗಿಲಾಗಿ ಎಲ್ಲ ಗೋಲುಗಳಿಗೂ ಸಮಾನ ಬೆಲೆಯಿದ್ದ ಆಟದಲ್ಲಿ, ಬಳೆಯ ಹತ್ತಿರ ನಿಂತು ತಪ್ಪದೆ ಗೋಲು ಹಾಕುವ ವಿದ್ಯೆಯನ್ನೇ ಬಾಲ್ಯದಿಂದ ಸಾಧಿಸಿದವಳ ಕೌಶಲದ ಬೆಲೆ ಈ ಒಂದು ತೀರ್ಮಾನದಿಂದ ಏರುಪೇರಾಗುತ್ತದೆ. ಕೌಶಲವೇ ಆಕೆಯ ಬಂಡವಾಳ. ಅದರ ಮೌಲ್ಯವನ್ನು ಬದಲಾಯಿಸುವಾಗ ಆಕೆಯ ಮಾತನ್ನು ಕೇಳಬೇಕೆಂಬುದು ನ್ಯಾಯಸಮ್ಮತವಾದ ಬೇಡಿಕೆಯೆಂದೇ ನಮ್ಮ ಅಭಿಪ್ರಾಯ. ಕೈಮಗ್ಗದವರಿಂದ ಮೊದಲ್ಗೊಂಡು ಅಚ್ಚುಮೊಳೆ ಜೋಡಿಸುವವರವರೆಗೆ ಕುಶಲ ಕೆಲಸಗಾರರೆಲ್ಲರೂ ಎದುರಿಸಿದ ಸಮಸ್ಯೆಯ ಇನ್ನೊಂದು ರೂಪವನ್ನು ನಾವು ಇಲ್ಲಿ ಕಾಣುತ್ತೇವೆ.

೬

೨೦೨೦ರ ಅಕ್ಟೋಬರ್ ೧೮ರಂದು ಬ್ರಿಸ್ಬೇನ್ ನಗರದ ನಿಸಾನ್ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ ನಡೆಯಿತು. ಎದುರಾಳಿ ಪರ್ತ್ ನಗರದ ವೆಸ್ಟ್ ಕೋಸ್ಟ್ ಫೀವರ್. ಆ ತಂಡದ ಜಮೈಕದ ಆಟಗಾರ್ತಿ ಜಾನೀಲ್ ಫೌಲರ್ ತಮ್ಮ ಎತ್ತರ ಹಾಗೂ ಅಚೂಕ ಗುರಿಗಳಿಂದ ಪಂದ್ಯಾವಳಿಯಲ್ಲಿಯೇ ಅಗ್ರಗಣ್ಯರೆನಿಸಿದ್ದವರು. ವಿಕ್ಸೆನ್ಸ್ ೬೬–೬೪ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂಬ ಗೌರವ ಕುಮ್ವೆಂಡ ಅವರಿಗೆ ಸಂದಿತು. ಎರಡು ಅಂಕಗಳ ಅಂತರವೆಂದರೆ ಹೊಸ ನಿಯಮದಂತೆ ಒಂದೇ ಒಂದು ಎಸೆತದ ಅಂತರ. ಹಿರಿಯ ಆಟಗಾರ್ತಿಯರಾದ ಕೇಟ್ಲಿನ್ ಥ್ವೇಟ್ಸ್ ಮತ್ತು ರೆನೇ ಇಂಗಲ್ಸ್ ಆ ಋತುವಿನೊಂದಿಗೆ ನಿವೃತ್ತರಾದರು. ಮೆಲ್ಬರ್ನ್ ನಗರವಾದರೋ ಅಂದು ಇನ್ನೂ ದಿಗ್ಬಂಧನದಲ್ಲಿದ್ದಿತು. ತನ್ನ ತಂಡದ ಗೆಲುವನ್ನು ಅದು ಮನೆಗಳೊಳಗೆ ಕುಳಿತು ಟೆಲಿವಿಷನ್ನಿನಲ್ಲಿ ನೋಡಬೇಕಾಯಿತು.

ಮುಂದಿನ ವರ್ಷಗಳ ಘಟನೆಗಳು ಈ ಋತುವಿನ ಮಹತ್ತ್ವವನ್ನು ಮತ್ತಷ್ಟು ಸ್ಪಷ್ಟಪಡಿಸುತ್ತವೆ. ಸೂಪರ್ ಶಾಟ್ ನಿಯಮವು ಆ ಪಂದ್ಯಾವಳಿಯಲ್ಲಿ ಅನಂತರವೂ ಉಳಿದುಬಂದಿತು. ಆದರೆ ೨೦೨೩ರಲ್ಲಿ ಕೇಪ್‌ಟೌನಿನಲ್ಲಿ ನಡೆದು ಆಸ್ಟ್ರೇಲಿಯ ಗೆದ್ದ ವಿಶ್ವಕಪ್ಪಿನಲ್ಲಿ ಹಳೆಯ ಲೆಕ್ಕವೇ ನಡೆಯಿತು. ಒಬ್ಬಳೇ ಆಟಗಾರ್ತಿ ತಂಡಕ್ಕೊಂದು, ದೇಶಕ್ಕೊಂದು ನಿಯಮವನ್ನು ರೂಢಿಸಿಕೊಳ್ಳಬೇಕಾಯಿತು. ಅದೇ ವರ್ಷ ಕಾಲಿಂಗ್‌ವುಡ್ ಸಂಸ್ಥೆಯು ತನ್ನ ತಂಡವನ್ನು ಮುಚ್ಚಿತು. ಸೆಪ್ಟೆಂಬರ್ ಅಂತ್ಯಕ್ಕೆ ಆಟಗಾರ್ತಿಯರ ಒಪ್ಪಂದದ ಅವಧಿ ತೀರಿ, ಹೊಸ ಒಪ್ಪಂದವಾಗದೆ, ಅವರು ವೇತನವಿಲ್ಲದೆ ವಾರಗಟ್ಟಲೆ ಕಳೆದರು. ಆಗ ಅವರ ಸಂಘದ ಅಧ್ಯಕ್ಷೆಯಾಗಿದ್ದವರು ವಿಕ್ಸೆನ್ಸ್ ತಂಡದ ಜೋ ವೆಸ್ಟನ್. ಡಿಸೆಂಬರಿನಲ್ಲಿ ಏರ್ಪಟ್ಟ ಒಪ್ಪಂದದಲ್ಲಿ ಆದಾಯದಲ್ಲಿ ಪಾಲು ಎಂಬ ತತ್ತ್ವಕ್ಕೆ ಸ್ಥಾನ ದೊರೆಯಿತು.

೨೦೨೦ರಲ್ಲಿ ಕೇಳದೆ ಉಳಿದ ಮಾತು ೨೦೨೩ರಲ್ಲಿ ಒಪ್ಪಂದದ ಪತ್ರವನ್ನು ಸೇರಿತೆಂದು ಸ್ಥೂಲವಾಗಿ ಹೇಳಬಹುದು. ವಿಜಯಗಳ ಪಟ್ಟಿಯಲ್ಲಿ ವಿಕ್ಸೆನ್ಸ್ ತಂಡದ ಆ ಋತು ಒಂದು ಸಾಲು ಮಾತ್ರ. ದುಡಿಯುವ ಮಹಿಳೆಯರ ಚರಿತ್ರೆಯಲ್ಲಿ ಅದಕ್ಕೆ ಇನ್ನೂ ವಿಸ್ತಾರವಾದ ಸ್ಥಾನ ಸಲ್ಲತಕ್ಕದ್ದು.