ತಂಬೂರಿ ಹೊತ್ತು ಭೌತವಿಜ್ಞಾನದ ತರಗತಿಗೆ

ಪಿಯುಸಿ ಮಕ್ಕಳಿಗೆ ಭೌತವಿಜ್ಞಾನ ಹೇಳುವ ನನಗೆ ಶಬ್ದದ ಪಾಠದ ಒಂದು ಚಿತ್ರ ಕಂಡರಾಗದು: ಬಾಯಿಂದ ಕಿವಿಯವರೆಗೆ ಏರಿಳಿಯುವ ಗೆರೆ. ಅದನ್ನು ನೋಡಿದ ಮಕ್ಕಳು ಶಬ್ದವೆಂದರೆ ಗಾಳಿ ಮೇಲೆಕೆಳಗೆ ಕುಣಿಯುವುದು ಎಂದೇ ನಂಬಿಬಿಡುತ್ತಾರೆ. ಹಾಗಾಗಿ ಆ ಪಾಠಕ್ಕೆ ಮನೆಯ ತಂಬೂರಿಯನ್ನೇ ಹೊತ್ತೊಯ್ಯುತ್ತೇನೆ.

ತಂತಿ ಮೀಟಿದರೆ ಅದು ಅಕ್ಕಪಕ್ಕಕ್ಕೆ ಅದುರುತ್ತದೆ. ಅಲೆ ಮಾತ್ರ ಕುದುರೆಯಿಂದ ಬಿರಡೆಗಳ ಕಡೆಗೆ ತಂತಿಯುದ್ದಕ್ಕೂ ಓಡುತ್ತದೆ. ಅದುರುವ ದಿಕ್ಕಿಗೆ ಓಟ ಅಡ್ಡ, ಹಾಗಾಗಿ ಇದು ಅಡ್ಡ ಅಲೆ. ಆ ಅದುರು ಬುರುಡೆಗೆ ಇಳಿದು ಗಾಳಿಯನ್ನು ತಳ್ಳಿ ಎಳೆಯತೊಡಗಿತೋ, ಆಟವೇ ಬದಲಾಗುತ್ತದೆ. ಗಾಳಿಯ ಕಣಗಳು ಅಲೆ ಹೋಗುವ ದಿಕ್ಕಿನಲ್ಲೇ ಹಿಂದೆಮುಂದೆ ಆಡುತ್ತವೆ, ಒಂದೆಡೆ ಒತ್ತೊತ್ತಾಗಿ, ಇನ್ನೊಂದೆಡೆ ವಿರಳವಾಗಿ. ಇದು ನೀಳ ಅಲೆ. ಪಕ್ಕಕ್ಕೆ ಜಾರಿದ ಪದರವನ್ನು ಮತ್ತೆ ಸ್ವಸ್ಥಾನಕ್ಕೆ ಎಳೆಯುವ ಬಿಗಿ ಗಾಳಿಗಿಲ್ಲ. ಆದ್ದರಿಂದಲೇ ಅಲ್ಲಿ ಅಡ್ಡ ಅಲೆಯ ಶಬ್ದವಿಲ್ಲ. ಬಂಡೆಗೆ ಆ ಬಿಗಿ ಇದೆ, ಭೂಕಂಪದಲ್ಲಿ ಎರಡೂ ಬಗೆಯ ಅಲೆಗಳು ಹೊರಡುತ್ತವೆ. (ಕೆರೆಯ ಮೇಲಿನ ಅಲೆಯ ಕಥೆಯೇ ಬೇರೆ, ಅಲ್ಲಿ ನೀರು ಸುತ್ತು ಹಾಕುತ್ತದೆ.) ಬೆಳಕು ಬರಿದಾದ ಅಂತರಿಕ್ಷದಲ್ಲೂ ಸಾಗುತ್ತದೆ, ಈ ಅಲೆಗಳು ಸಾಗಲಾರವು. ಇವಕ್ಕೆ ಮಾಧ್ಯಮ ಬೇಕೇಬೇಕು, ಇವು ಯಾಂತ್ರಿಕ ಅಲೆಗಳು.

ತಂಬೂರಿಯ ಪಕ್ಕ ಒಂದು ಊದುಬತ್ತಿ ಹಚ್ಚಿಡುತ್ತೇನೆ. ನಾದ ಆಗಲೇ ಕೊನೆಯ ಬೆಂಚು ಮುಟ್ಟಿರುತ್ತದೆ, ಹೊಗೆ ಮೇಜಿನ ಮೇಲೇ ಇರುತ್ತದೆ. ಸಾಗಿದ್ದು ಶಕ್ತಿ, ಗಾಳಿಯಲ್ಲ.

ಇನ್ನು ಲೆಕ್ಕ. ಷಡ್ಜ ನುಡಿಯುವ ನನ್ನ ಸಾರಣೆ ತಂತಿಯ ಉದ್ದ ಸುಮಾರು 90 ಸೆಂಟಿಮೀಟರ್, ಶ್ರುತಿ ಸೆಕೆಂಡಿಗೆ ಸುಮಾರು 130 ಕಂಪನ. ಅಲೆ ಒಮ್ಮೆ ಹೋಗಿಬಂದರೆ 1.8 ಮೀಟರ್, ಅಂಥ 130 ಸುತ್ತು ಎಂದರೆ ವೇಗ ಸೆಕೆಂಡಿಗೆ 234 ಮೀಟರ್. ಅದೇ ಷಡ್ಜ ಗಾಳಿಗೆ ಬಂದಾಗ ವೇಗ ಸುಮಾರು 343 ಮೀಟರ್, ತರಂಗದೂರ 2.6 ಮೀಟರ್. ಆವೃತ್ತಿ ಮಾತ್ರ ಅದೇ 130. ಮಾಧ್ಯಮ ಬದಲಾದರೆ ವೇಗವೂ ತರಂಗದೂರವೂ ಬದಲಾಗುತ್ತವೆ, ಆವೃತ್ತಿ ಬದಲಾಗದು. ಜೋರಾಗಿ ಮೀಟಿದರೆ ದನಿ ದೊಡ್ಡದಾಗುತ್ತದೆಯೇ ಹೊರತು ಶ್ರುತಿ ಏರುವುದಿಲ್ಲ. ಶ್ರುತಿ ಏರಿಸಲು ಬಿರಡೆ ತಿರುಗಿಸಬೇಕು. ಒಂದು ಸ್ಥಾಯಿ ಮೇಲಕ್ಕೆ ಹೋಗಬೇಕಾದರೆ ನಾಲ್ಕು ಪಟ್ಟು ಬಿಗಿ ಬೇಕು, ಅಷ್ಟರಲ್ಲಿ ತಂತಿಯೇ ಹರಿದೀತು. ಮಂದ್ರಕ್ಕೆ ದಪ್ಪ ತಂತಿ ಹಾಕುವುದೂ ಇದೇ ಲೆಕ್ಕದ ಮೇಲೆ: ಭಾರ ಹೆಚ್ಚಾದರೆ ಅಲೆ ನಿಧಾನ.

ಮಕ್ಕಳಿಗೆ ತೀರಾ ಇಷ್ಟವಾಗುವುದು ಒಂದೇ ಷಡ್ಜಕ್ಕೆ ಕೂಡಿಸುವ ಎರಡು ತಂತಿಗಳ, ಸಾರಣೆ, ಅನುಸಾರಣೆಗಳ ಜಗಳ. ಒಂದು 130, ಇನ್ನೊಂದು 131 ಇದ್ದರೆ ಎರಡೂ ಅಲೆ ಕೂಡಿ ಸೆಕೆಂಡಿಗೊಮ್ಮೆ ದನಿ ಉಬ್ಬಿ ತಗ್ಗುತ್ತದೆ. ಶ್ರುತಿ ನವಿರಾಗಿ ಹೊಂದಿಸಲು ತಂತಿಗೆ ಪೋಣಿಸಿದ ಮಣಿಯನ್ನು ಸರಿಸುತ್ತ ಹೋದಂತೆ ಆ ಉಬ್ಬರ ನಿಧಾನವಾಗಿ, ಕಡೆಗೆ ಇಲ್ಲವಾಗುತ್ತದೆ. ಶ್ರುತಿ ಕೂಡಿತು.

ತಂಬೂರಿಗೆ ಒಂದು ಹಠವೂ ಇದೆ. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು ಎಂಬುದು ಹಳೆಯ ನಿಯಮ. ತಂಬೂರಿ, ವೀಣೆಗಳಲ್ಲಿ ಅವೂ ಗಟ್ಟಿಯಾಗಿ ಕೇಳುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿ ತೋರಿಸಿದರು. ಕಾರಣ ಕುದುರೆಯ ಬಾಗಿದ ಮೈ. ತಂಬೂರಿಯಲ್ಲಿ ಅದರ ಮೇಲಿನ ದಾರವೂ ಜೊತೆಗೂಡುತ್ತದೆ. ಅದುರುವ ತಂತಿ ಅಲ್ಲಿ ತಾಗಿ ಬಿಡುತ್ತಿರುತ್ತದೆ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಕಾಲೇಜಿನಲ್ಲಿ ತಂಬೂರಿ ಇಲ್ಲದಿದ್ದರೆ ಊರಿನ ಸಂಗೀತ ಪಾಠದವರಲ್ಲಿ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬೇಡ, ಅದರಲ್ಲಿ ನೋಡಲು ತಂತಿಯೇ ಇಲ್ಲ.